ಮೋಟಾರು ಗಾಡಿಯ ನಿಲ್ಲದ ಬೀಸಣಿಗೆ

ಗೃಹಸ್ಥನಾದವನು ತನ್ನ ಮನೆಯ ಸದ್ದುಗಳನ್ನೆಲ್ಲ ಬಲ್ಲನು. ಬಾವಿಯ ಪಂಪು ನೀರೆತ್ತುವ ಸದ್ದು ಯಾವುದು, ನೀರು ತಗ್ಗಿ ಬರಿದೆ ತಿರುಗುವ ಸದ್ದು ಯಾವುದು ಎಂಬುದನ್ನು ಅವನು ಹಾಸಿಗೆಯಿಂದ ಏಳದೆಯೇ ಹೇಳಬಲ್ಲನು. ಆದರೆ ಅಂಗಳದಲ್ಲಿ ನಿಂತಿರುವ ಮೋಟಾರು ಗಾಡಿಯ ವಿಷಯದಲ್ಲಿ ಮಾತ್ರ ನಮ್ಮವರಲ್ಲಿ ಹಲವರು ಅತಿಥಿಗಳಂತೆಯೇ ನಡೆದುಕೊಳ್ಳುವರು. ಲಕ್ಷಗಟ್ಟಲೆ ಹಣ ಕೊಟ್ಟು ತಂದ ವಸ್ತು. ಮಕ್ಕಳನ್ನು ಶಾಲೆಗೂ ವೃದ್ಧರನ್ನು ಆಸ್ಪತ್ರೆಗೂ ಮುಟ್ಟಿಸತಕ್ಕ ವಸ್ತು. ಆದರೂ ಅದು ಕೂಗಿ ಹೇಳುವ ಮಾತಿನ ಅರ್ಥವನ್ನು ತಿಳಿಯಲು ಯತ್ನಿಸುವವರು ವಿರಳ. ಅಂಥ ಮಾತುಗಳಲ್ಲಿ ಒಂದನ್ನು ಕುರಿತು ವಾಚಕರೊಡನೆ ವಿಚಾರ ಮಾಡಬೇಕೆಂದು ಈ ಲೇಖನಕ್ಕೆ ಕೈಹಾಕಿದ್ದೇವೆ. ಗಾಡಿಯ ಮುಂಭಾಗದಲ್ಲಿ ರೇಡಿಯೇಟರಿಗೆ ಗಾಳಿಯೊಡ್ಡುವ ಫ್ಯಾನು ನಿಲ್ಲದೆ ತಿರುಗುತ್ತಲೇ ಇರುವುದು, ಇದೇ ಆ ವಿಷಯ.

ನಾವು ವಾಸಿಸುವ ಬಿಜೈಯಲ್ಲಿ ಈ ದೂರು ಪದೇ ಪದೇ ಕಿವಿಗೆ ಬೀಳುವುದು ಆಶ್ಚರ್ಯವಲ್ಲ. ಮಂಗಳೂರಿನ ಸರಕಾರಿ ಬಸ್ಸು ನಿಲ್ದಾಣವಿರುವುದು ಇಲ್ಲಿಯೇ. ಕಾಪಿಕಾಡಿನಿಂದ ಲಾಲ್‌ಬಾಗಿನವರೆಗೆ ಸಂಜೆಯ ಹೊತ್ತು ಗಾಡಿಗಳು ಇರುವೆಯ ಸಾಲಿನಂತೆ ತೆವಳುವುವು. ಬಟ್ಟಗುಡ್ಡದ ಕಡೆಗೆ ತಿರುಗಿದರೆ ಏರುದಾರಿ. ಸಮುದ್ರವು ಸಮೀಪವಾದುದರಿಂದ ಗಾಳಿಯಲ್ಲಿ ಉಪ್ಪು. ಮಳೆಗಾಲದಲ್ಲಿ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಸುರಿಯುವ ನೀರು. ಬೇಸಿಗೆಯಲ್ಲಿ ಮುರಕಲ್ಲಿನ ಕೆಂಪು ಧೂಳು. ಯಂತ್ರದ ತಾಪವನ್ನು ಹೆಚ್ಚಿಸುವುದಕ್ಕೂ ಅದರ ತಂತಿಗಳನ್ನು ಕೆಡಿಸುವುದಕ್ಕೂ ಬೇಕಾದ ಸಾಮಗ್ರಿಯೆಲ್ಲವೂ ಇಲ್ಲಿ ಒಂದೆಡೆ ಕೂಡಿಬಂದಿದೆಯೆನ್ನಬಹುದು. “ಮಾಸ್ಟ್ರೇ, ಗಾಡಿಯ ಫ್ಯಾನು ನಿಲ್ಲುವುದೇ ಇಲ್ಲ ಮಾರಾಯ್ರೆ, ಏನು ಮಾಡುವುದು?” ಎಂದು ಕೇಳುತ್ತ ಬರುವ ನೆರೆಯವರು ನಮಗೆ ವರ್ಷಕ್ಕೆ ನಾಲ್ಕಾರು ಮಂದಿಯಾದರೂ ಸಿಕ್ಕುವರು.

ಹೀಗೆ ಕೇಳುವವರಲ್ಲಿ ಎರಡು ಬಗೆಯುಂಟು. ಒಬ್ಬರು ಭಯಪಟ್ಟು ಗಾಡಿಯನ್ನು ಗ್ಯಾರೇಜಿಗೆ ಒಯ್ದು, ಅವರು ಹೇಳಿದ ಭಾಗಗಳನ್ನೆಲ್ಲ ಬದಲಾಯಿಸಿಕೊಂಡು ಹಣ ತೆರುವವರು. ಇನ್ನೊಬ್ಬರು ಸದ್ದಿಗೆ ಬೇಸತ್ತು ಫ್ಯಾನಿನ ತಂತಿಯನ್ನೇ ಕಿತ್ತಿಟ್ಟು ನೆಮ್ಮದಿಯಾಗಿರುವವರು. ಇಬ್ಬರೂ ಮಾಡದೆ ಬಿಟ್ಟುದು ಒಂದನ್ನೇ: ನಿದಾನ, ಎಂದರೆ ರೋಗದ ಕಾರಣವನ್ನು ಕ್ರಮವಾಗಿ ಹುಡುಕುವುದು.

ಬೀಸಣಿಗೆಯ ಕೆಲಸ

ಮೊದಲು ಫ್ಯಾನು ಏತಕ್ಕೆ ಇದೆಯೆಂಬುದನ್ನು ತಿಳಿಯಬೇಕು. ಇಂಜಿನಿನಲ್ಲಿ ಉರಿಯುವ ಪೆಟ್ರೋಲಿನ ಶಕ್ತಿಯಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಮಾತ್ರ ಗಾಡಿಯನ್ನು ಓಡಿಸುವುದಕ್ಕೆ ಒದಗುತ್ತದೆ. ಉಳಿದುದು ತಾಪವಾಗಿ, ಒಂದಂಶ ಹೊಗೆಯ ಕೊಳವೆಯಲ್ಲಿ ಹೊರಬೀಳುವುದು, ಮತ್ತೊಂದಂಶವನ್ನು ಕೂಲೆಂಟೆಂಬ ದ್ರವವು ಹೊತ್ತು ರೇಡಿಯೇಟರಿಗೆ ತಂದು ಗಾಳಿಗೆ ಒಪ್ಪಿಸುವುದು. ಗಾಡಿಯು ವೇಗವಾಗಿ ಓಡುವಾಗ ಎದುರುಗಾಳಿಯೇ ಈ ತಾಪವನ್ನು ಒಯ್ಯುವುದರಿಂದ ಫ್ಯಾನಿನ ಅಗತ್ಯ ಅಷ್ಟಾಗಿ ಇರುವುದಿಲ್ಲ. ಗಾಡಿ ನಿಂತಾಗ, ತೆವಳುವಾಗ, ಘಾಟಿಯನ್ನು ಏರುವಾಗ ಅದು ಬೇಕೇ ಬೇಕು.

ಹಿಂದಿನ ಕಾಲದಲ್ಲಿ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. 1914ರಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿಯು ಮಂಗಳೂರಿನಲ್ಲಿ ಬಸ್ಸುಗಳನ್ನು ಓಡಿಸತೊಡಗಿದ ಕಾಲದಿಂದ ತೊಡಗಿ ಅಂಬಾಸಿಡರ್ ಗಾಡಿಗಳ ಕಾಲದವರೆಗೂ ಫ್ಯಾನನ್ನು ಇಂಜಿನೇ ಬೆಲ್ಟಿನ ಮೂಲಕ ತಿರುಗಿಸುತ್ತಿತ್ತು. ಇಂಜಿನು ತಿರುಗುವವರೆಗೆ ಫ್ಯಾನೂ ತಿರುಗುವುದು. ಇಂಜಿನು ನಿಂತರೆ ಅದೂ ನಿಲ್ಲುವುದು. 1983ರ ಕೊನೆಯಲ್ಲಿ ಬಂದ ಮಾರುತಿ 800ರಂಥ ಸಣ್ಣ ಗಾಡಿಗಳಲ್ಲಿ ಇಂಜಿನನ್ನು ಅಡ್ಡಲಾಗಿ ಕೂರಿಸಿದುದರಿಂದ ಬೆಲ್ಟಿನ ವ್ಯವಸ್ಥೆ ಒಗ್ಗದೆ, ಫ್ಯಾನಿಗೆ ಬೇರೆಯೇ ವಿದ್ಯುತ್ ಮೋಟಾರು ಬಂದಿತು. ಅಂದಿನಿಂದ ಫ್ಯಾನು ಆಜ್ಞಾಧಾರಕನಾದ ಸೇವಕನಂತಾಯಿತು. ಕೂಲೆಂಟಿನ ತಾಪವು ಸುಮಾರು 95ರಿಂದ 105 ಡಿಗ್ರಿ ಸೆಲ್ಸಿಯಸ್ಸಿಗೆ ಏರಿದಾಗ ‘ತಿರುಗು’ ಎಂಬ ಆಜ್ಞೆ. ಅದಕ್ಕಿಂತ ಕೆಲವು ಡಿಗ್ರಿ ಇಳಿದಾಗ ‘ನಿಲ್ಲು’ ಎಂಬ ಆಜ್ಞೆ. ಅಂಕೆಗಳು ಗಾಡಿಯಿಂದ ಗಾಡಿಗೆ ತುಸು ಭಿನ್ನವಾಗಬಹುದು, ಕ್ರಮವು ಒಂದೇ.

ಆದುದರಿಂದ ಫ್ಯಾನು ನಿಲ್ಲದಿದ್ದರೆ ಅದಕ್ಕೆ ನಾಲ್ಕು ಕಾರಣಗಳು ಮಾತ್ರ ಸಾಧ್ಯ. ತಾಪದ ಹೊರತು ಬೇರೊಂದು ನ್ಯಾಯವಾದ ಕೆಲಸಕ್ಕಾಗಿ ಆಜ್ಞೆ ಬಂದಿರಬಹುದು. ತಾಪವು ನಿಜವಾಗಿಯೇ ಇರಬಹುದು. ತಾಪವಿಲ್ಲದಿದ್ದರೂ ಇದೆಯೆಂಬ ಸುಳ್ಳು ವರ್ತಮಾನ ಹೋಗಿರಬಹುದು. ಅಥವಾ ‘ನಿಲ್ಲು’ ಎಂಬ ಆಜ್ಞೆಯು ಸೇವಕನನ್ನು ಮುಟ್ಟದೆಯೇ ಇರಬಹುದು. ಪರ್ವತದಲ್ಲಿ ಹೊಗೆ ಕಂಡು ಬೆಂಕಿಯನ್ನು ಊಹಿಸುವುದು ಸರಿ, ಏಕೆಂದರೆ ಬೆಂಕಿಯಿಲ್ಲದೆ ಹೊಗೆಯಿಲ್ಲ. ಫ್ಯಾನಿನಿಂದ ತಾಪವನ್ನು ಊಹಿಸುವುದು ಹಾಗಲ್ಲ. ತಾಪವಿಲ್ಲದೆಯೂ ಫ್ಯಾನು ತಿರುಗುವುದುಂಟು. ತಾರ್ಕಿಕರು ಇಂಥ ಹೇತುವನ್ನು ಅನೈಕಾಂತಿಕವೆನ್ನುವರು; ಎಂದರೆ ಒಂದೇ ಕಡೆಗೆ ನಿಲ್ಲದ್ದು. ಅದನ್ನು ನಂಬಿ ರೇಡಿಯೇಟರನ್ನು ಬದಲಾಯಿಸುವವನು ತರ್ಕದಲ್ಲಿಯೂ ಸೋಲುವನು, ಹಣದಲ್ಲಿಯೂ ಸೋಲುವನು.

ರೋಗವಲ್ಲದ ರೋಗ

ನಾಲ್ಕರಲ್ಲಿ ಮೊದಲನೆಯದನ್ನು ಮೊದಲು ಕಳೆಯಬೇಕು. ಏಸಿ ಹಾಕಿದಾಗ ಫ್ಯಾನು ತಿರುಗುವುದು ಸ್ವಭಾವವೇ. ರೇಡಿಯೇಟರಿನ ಮುಂದಿರುವ ಏಸಿಯ ಕಂಡೆನ್ಸರನ್ನು ತಣಿಸುವ ಭಾರವೂ ಅದರದೇ ಆಗಿದೆ. ಮಳೆಗಾಲದಲ್ಲಿ ಮುಂದಿನ ಗಾಜಿನ ಮಂಜು ಕಳೆಯುವ ಗುಂಡಿಯನ್ನು ಒತ್ತಿದರೆ ಅನೇಕ ಗಾಡಿಗಳಲ್ಲಿ ಏಸಿಯು ತಾನಾಗಿಯೇ ಚಾಲೂ ಆಗುವುದು. ಗೃಹಸ್ಥರು ‘ನಾವು ಏಸಿ ಹಾಕಿಯೇ ಇಲ್ಲ’ ಎಂದು ಪ್ರಮಾಣ ಮಾಡುವಾಗಲೂ ಫ್ಯಾನು ತಿರುಗುತ್ತಿರುವುದು. ಇನ್ನು, ದೂರ ಓಡಿಸಿ ತಂದು ಕೀಲಿಕೈ ತಿರುಗಿಸಿದ ಮೇಲೆಯೂ ಒಂದೆರಡು ನಿಮಿಷ, ಕೆಲವು ಗಾಡಿಗಳಲ್ಲಿ ಇನ್ನೂ ತುಸು ಹೆಚ್ಚು ಹೊತ್ತು, ಫ್ಯಾನು ತಿರುಗಿ ತಾನಾಗಿ ನಿಲ್ಲುವುದು ಯಂತ್ರ ನಿರ್ಮಾಪಕರು ಬೇಕೆಂದೇ ಮಾಡಿದ ಏರ್ಪಾಡು.

ಡೀಸೆಲ್ ಗಾಡಿಯವರಿಗೆ ಇನ್ನೊಂದು ಮಾತು. 2020ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಜಾರಿಗೆ ಬಂದ ಬಿಎಸ್-6 ನಿಯಮದ ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿಯನ್ನು ಹಿಡಿದಿಡುವ ಒಂದು ಸೋಸುವ ಭಾಗವುಂಟು. ಶೇಖರವಾದ ಮಸಿಯನ್ನು ಗಾಡಿಯು ಆಗಾಗ ಬಹಳ ಹೆಚ್ಚಿನ ತಾಪದಿಂದ ಸುಟ್ಟು ಕಳೆಯುವುದು. ಆಗ ಫ್ಯಾನು ಜೋರಾಗಿ ತಿರುಗುವುದೂ, ಗಾಡಿ ನಿಲ್ಲಿಸಿದ ಮೇಲೆಯೂ ಮುಂದುವರಿಯುವುದೂ ಸಹಜ. ಪೇಟೆಯೊಳಗೆ ಎರಡು ಮೂರು ಮೈಲಿಗಳಷ್ಟೇ ಓಡಿಸಿ ನಿಲ್ಲಿಸುವವರ ಗಾಡಿಗಳಲ್ಲಿ ಈ ಸುಡುವ ಕೆಲಸವು ಪೂರ್ಣವಾಗದೆ ಮತ್ತೆ ಮತ್ತೆ ತೊಡಗುವುದು. ಅಂಥವರು ವಾರಕ್ಕೊಮ್ಮೆ ಹೆದ್ದಾರಿಯಲ್ಲಿ ಅರ್ಧ ಗಂಟೆ ಸಮವೇಗದಿಂದ ಓಡಿಸಿ ಬರುವುದು ಒಳ್ಳೆಯದು.

ಮುಂಜಾನೆಯ ಪರೀಕ್ಷೆ

ಉಳಿದ ಮೂರು ಕಾರಣಗಳನ್ನು ಬೇರ್ಪಡಿಸುವುದಕ್ಕೆ ಕಾಸಿನ ಖರ್ಚಿಲ್ಲದ ಒಂದು ಪರೀಕ್ಷೆಯುಂಟು. ರಾತ್ರಿಯಿಡೀ ನಿಂತ ಗಾಡಿಯ ಇಂಜಿನು ಬೆಳಗ್ಗೆ ಬಿಸಿಯಾಗಿರಲಾರದು. ಆ ಹೊತ್ತಿನಲ್ಲಿ ಏಸಿಯನ್ನು ಆರಿಸಿ, ಕೀಲಿಕೈ ತಿರುಗಿಸಿ, ಇಂಜಿನನ್ನು ಚಾಲೂ ಮಾಡಿ ಕಿವಿಗೊಟ್ಟು ಕೇಳಬೇಕು. ಐದಾರು ನಿಮಿಷ ಫ್ಯಾನು ಸುಮ್ಮನಿದ್ದು, ಇಂಜಿನು ಚೆನ್ನಾಗಿ ಕಾದ ಮೇಲೆ ತಿರುಗಲಾರಂಭಿಸಿ, ಮತ್ತೆ ನಿಲ್ಲದೆ ಹೋದರೆ ನಿಜವಾದ ತಾಪವನ್ನು ಶಂಕಿಸಬೇಕು. ಕೀಲಿಕೈ ತಿರುಗಿಸಿದೊಡನೆಯೇ ತಣ್ಣನೆಯ ಇಂಜಿನಿಗೆ ಗಾಳಿ ಬೀಸತೊಡಗಿದರೆ ಅದು ತಾಪವಲ್ಲ. ಸುಳ್ಳು ವರ್ತಮಾನ, ಇಲ್ಲವೆ ಮುಟ್ಟದ ಆಜ್ಞೆ. ಕೀಲಿಕೈಯನ್ನು ತೆಗೆದು ಜೇಬಿನಲ್ಲಿಟ್ಟು ಬಹಳ ಹೊತ್ತಾದ ಮೇಲೆಯೂ ತಿರುಗುತ್ತಿದ್ದರೆ ಆಜ್ಞೆ ಮುಟ್ಟದಿರುವುದೇ ಬಹುಮಟ್ಟಿಗೆ ನಿಶ್ಚಯ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದೆ ಮುಂದೆ ಹೋಗಲಾಗದು. ಬೋನೆಟ್ಟನ್ನು ಎತ್ತಿದ ಮೇಲೆ ನಿಂತ ಫ್ಯಾನಿನ ಹತ್ತಿರ ಕೈಯನ್ನಾಗಲಿ, ಸೆರಗನ್ನಾಗಲಿ, ಜನಿವಾರವನ್ನಾಗಲಿ ಒಯ್ಯಬಾರದು. ಕೀಲಿಕೈ ಇಲ್ಲದೆಯೂ ಅದು ಥಟ್ಟನೆ ತಿರುಗಬಲ್ಲುದು. ಮಕ್ಕಳನ್ನು ದೂರ ನಿಲ್ಲಿಸಿಯೇ ನೋಡತಕ್ಕದ್ದು.

ಮುಟ್ಟದ ಆಜ್ಞೆ

ಫ್ಯಾನಿಗೆ ವಿದ್ಯುತ್ತನ್ನು ಬಿಡುವ, ತಡೆಯುವ ಬಾಗಿಲು ರಿಲೇ ಎಂಬ ಸಣ್ಣ ಪೆಟ್ಟಿಗೆ. ಬೋನೆಟ್ಟಿನ ಕೆಳಗೆ ಫ್ಯೂಸುಗಳ ಜತೆಯಲ್ಲಿ ಅದು ಇರುತ್ತದೆ. ಮುಚ್ಚಳದ ಒಳಗಿನ ನಕ್ಷೆಯಲ್ಲಿ ಅದರ ಸ್ಥಾನವನ್ನು ಗುರುತಿಸಿರುತ್ತಾರೆ. ವರ್ಷಗಟ್ಟಲೆ ಕಿಡಿಯಾಡಿದ ಕಾರಣ ಅದರೊಳಗಿನ ಲೋಹದ ತುದಿಗಳು ಒಂದಕ್ಕೊಂದು ಬೆಸೆದುಕೊಂಡರೆ ಬಾಗಿಲು ತೆರೆದಂತೆಯೇ ಉಳಿಯುವುದು. ಅದರ ಫಲವು ಸಣ್ಣದಲ್ಲ. ಸಣ್ಣ ಗಾಡಿಯ ಬ್ಯಾಟರಿಯು ಸಾಮಾನ್ಯವಾಗಿ 35 ಆಂಪಿಯರ್-ಗಂಟೆಯದು. ಫ್ಯಾನು 10 ಆಂಪಿಯರ್ ಮಾತ್ರ ಹೀರಿದರೂ ಮೂರೂವರೆ ಗಂಟೆಯಲ್ಲಿ ಬ್ಯಾಟರಿ ಬರಿದು. ರಾತ್ರಿ ಹತ್ತಕ್ಕೆ ನಿಲ್ಲಿಸಿದ ಗಾಡಿಯು ಎರಡು ಗಂಟೆಗೆ ಮನೆಯ ಹಿರಿಯರಿಗೆ ಎದೆನೋವು ಬಂದಾಗ ಚಾಲೂ ಆಗದು. ಗಾಡಿಯನ್ನು ಇಟ್ಟುಕೊಂಡುದು ಯಾವ ಗಳಿಗೆಗಾಗಿಯೋ ಆ ಗಳಿಗೆಯಲ್ಲಿಯೇ ಅದು ಕೈಬಿಡುವುದು.

ಔಷಧವನ್ನು ಕೊಟ್ಟು ನೋಡಿ ರೋಗವನ್ನು ಗುರುತಿಸುವುದಕ್ಕೆ ನಮ್ಮ ವೈದ್ಯಶಾಸ್ತ್ರದಲ್ಲಿ ಉಪಶಯವೆಂದು ಹೆಸರು. ರಿಲೇಗೂ ಅದೇ ಪರೀಕ್ಷೆ. ಕೀಲಿಕೈ ತೆಗೆದು ರಿಲೇಯನ್ನು ಕಿತ್ತು, ಅದೇ ಪೆಟ್ಟಿಗೆಯಲ್ಲಿರುವ ಅದೇ ಸಂಖ್ಯೆಯ ಇನ್ನೊಂದು ರಿಲೇಯನ್ನು ಆ ಜಾಗದಲ್ಲಿ ಕೂರಿಸಬೇಕು. ಅನೇಕ ಗಾಡಿಗಳಲ್ಲಿ ಹಾರನ್ನಿನ ರಿಲೇಯು ಹೀಗೆ ಒದಗುವುದು. ಫ್ಯಾನು ನಿಂತರೆ ರೋಗ ತಿಳಿಯಿತು. ಕೆಲವು ನೂರು ರೂಪಾಯಿಗಳಲ್ಲಿ ಮುಗಿಯಿತು. ಹೊಸ ರಿಲೇಯಲ್ಲಿಯೂ ತಿರುಗಿದರೆ ಆಜ್ಞೆಯೇ ಬರುತ್ತಿದೆಯೆಂದರ್ಥ. ರಿಲೇಯೇ ಇಲ್ಲದ ಖಾಲಿ ಜಾಗದಲ್ಲಿಯೂ ಫ್ಯಾನು ತಿರುಗಿದರೆ ಎಲ್ಲಿಯೋ ತಂತಿಗಳು ಸವೆದು ಒಂದಕ್ಕೊಂದು ತಗಲಿವೆ. ಆಗ ಬ್ಯಾಟರಿಯ ತಂತಿಯನ್ನು ಬಿಡಿಸಿ ಎಲೆಕ್ಟ್ರೀಶಿಯನರನ್ನು ಕರೆಯಿಸುವುದೇ ಕ್ಷೇಮ, ಏಕೆಂದರೆ ಬೆಂಕಿಯ ಭಯವುಂಟು. ಕೆಲವು ಹೊಸ ಗಾಡಿಗಳಲ್ಲಿ ರಿಲೇಯ ಬದಲು ಫ್ಯಾನಿನ ವೇಗವನ್ನು ಹೆಚ್ಚು ಕಡಿಮೆ ಮಾಡುವ ಬೇರೆ ಯಂತ್ರಭಾಗವಿರುವುದು. ಅದರ ಪರೀಕ್ಷೆಯನ್ನು ತಿಳಿದವರಿಗೇ ಬಿಡಬೇಕು.

ಸುಳ್ಳು ವರ್ತಮಾನ

ಇಂಜಿನಿನ ತಾಪವನ್ನು ಗಣಕಕ್ಕೆ ತಿಳಿಸುವ ದೂತನೇ ಸೆನ್ಸರು. ಅದರ ಒಳಗಿರುವ ಪದಾರ್ಥವು ಬಿಸಿಯಾದಂತೆ ವಿದ್ಯುತ್ತಿಗೆ ಒಡ್ಡುವ ತಡೆಯು ಕಡಿಮೆಯಾಗುತ್ತ ಹೋಗುವುದು. ಅನೇಕ ಗಾಡಿಗಳಲ್ಲಿ 20 ಡಿಗ್ರಿಯಲ್ಲಿ ಎರಡರಿಂದ ಮೂರು ಸಾವಿರ ಓಮ್‌ಗಳಷ್ಟಿರುವ ತಡೆಯು 80 ಡಿಗ್ರಿಯಲ್ಲಿ ಮುನ್ನೂರು ಓಮ್‌ಗಳ ಸುಮಾರಿಗೆ ಇಳಿಯುವುದು. ದೂತನು ಕೆಟ್ಟರೆ, ಅಥವಾ ಅವನ ದಾರಿಯಾದ ತಂತಿ ಕಡಿದರೆ, ಗಣಕಕ್ಕೆ ವರ್ತಮಾನವೇ ಇಲ್ಲದಂತಾಗುವುದು. ಆಗ ಅದು ಬುದ್ಧಿವಂತನಾದ ಮಂತ್ರಿಯಂತೆ, ಅಪಾಯವಿದೆಯೆಂದೇ ಭಾವಿಸಿ ಫ್ಯಾನನ್ನು ನಿಲ್ಲಿಸದೆ ಓಡಿಸುವುದು. ಇಂಜಿನನ್ನು ಉಳಿಸುವುದಕ್ಕೋಸ್ಕರ ಮಾಡಿದ ಏರ್ಪಾಡಿದು. ಸಾಮಾನ್ಯವಾಗಿ ಹಳದಿಯ ಇಂಜಿನ್ ದೀಪವೂ ಆಗ ಎದುರಿನ ಫಲಕದಲ್ಲಿ ಉರಿಯುತ್ತದೆ.

ಇದರಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಗಣಕವಿಲ್ಲದ ಹಳೆಯ ಗಾಡಿಗಳಲ್ಲಿ ರೇಡಿಯೇಟರಿನ ಮೈಗೇ ಒಂದು ಬಿಸಿಗೆ ಕೂಡುವ ಸ್ವಿಚ್ಚಿರುತ್ತದೆ; ಅದರ ತಂತಿ ಬಿಡಿಸಿದರೆ ಫ್ಯಾನು ನಿಲ್ಲುವುದು. ಗಣಕವುಳ್ಳ ಗಾಡಿಯಲ್ಲಿ ಸೆನ್ಸರಿನ ತಂತಿ ಬಿಡಿಸಿದರೆ ನಿಂತ ಫ್ಯಾನೂ ತಿರುಗಲಾರಂಭಿಸುವುದು. ಒಂದೇ ಪರೀಕ್ಷೆ, ವಿರುದ್ಧ ಫಲ. ಹಳೆಯ ಗಾಡಿಗಳಲ್ಲಿ ಕೈಪಳಗಿದವರು ಹೊಸ ಗಾಡಿಯಲ್ಲಿ ದಾರಿ ತಪ್ಪುವುದು ಇಲ್ಲಿಯೇ.

ನಮ್ಮ ನೆರೆಯ ನಿವೃತ್ತ ಗೃಹಸ್ಥರೊಬ್ಬರ ಗಾಡಿಯಲ್ಲಿ ನಡೆದುದನ್ನು ಹೇಳಿದರೆ ವಿಷಯವು ಸ್ಪಷ್ಟವಾದೀತು. ಕೀಲಿಕೈ ತಿರುಗಿಸಿದೊಡನೆ ಫ್ಯಾನು ಭೋರೆನ್ನುತ್ತಿತ್ತು. ಒಂದು ಗ್ಯಾರೇಜಿನವರು ರೇಡಿಯೇಟರನ್ನೂ ಫ್ಯಾನಿನ ಮೋಟಾರನ್ನೂ ಬದಲಾಯಿಸಬೇಕೆಂದು ಹೇಳಿ, ಅವರ ಒಂದು ತಿಂಗಳ ಪಿಂಚಣಿಯನ್ನು ಮೀರುವ ಮೊತ್ತದ ಪಟ್ಟಿ ಬರೆದುಕೊಟ್ಟಿದ್ದರು. ಮುಂಜಾನೆಯ ಪರೀಕ್ಷೆ ಮಾಡಿದಾಗ ಅದು ತಾಪವಲ್ಲವೆಂಬುದು ತಿಳಿಯಿತು. ಬಳಿಕ ಪರಿಚಿತ ಎಲೆಕ್ಟ್ರೀಶಿಯನೊಬ್ಬರು ಸ್ಟಿಯರಿಂಗಿನ ಕೆಳಗಣ ಜಾಗದಲ್ಲಿ ಸ್ಕ್ಯಾನರನ್ನು ಜೋಡಿಸಿ ನೋಡಲಾಗಿ, ಇಂಜಿನಿನ ತಾಪವು ಸೊನ್ನೆಗಿಂತ 40 ಡಿಗ್ರಿ ಕೆಳಗೆ ಎಂದು ತೋರಿಸಿತು! ಬೆಳಗಿನ ಜಾವದಲ್ಲಿಯೂ ಬೆವರು ಹರಿಯುವ ಬಿಜೈಯಲ್ಲಿ ಹಿಮಾಲಯದ ಚಳಿ. ಸೆನ್ಸರಿನ ತಂತಿ ಕಡಿದಿರುವುದಕ್ಕೆ ಅದೇ ಗುರುತು. ಜೋಡಣೆಯನ್ನು ಬಿಡಿಸಿ ನೋಡಿದರೆ ಲೋಹದ ಕಡ್ಡಿಗಳಿಗೆ ಉಪ್ಪುಗಾಳಿಯ ಹಸುರು ಕಿಲುಬು ಹಿಡಿದಿತ್ತು. ಅದನ್ನು ಉಜ್ಜಿ, ಬಿಗಿಮಾಡಿ ಕೂರಿಸಿದ ಮೇಲೆ ಸ್ಕ್ಯಾನರು 27 ಡಿಗ್ರಿಯನ್ನು ತೋರಿಸಿತು, ಫ್ಯಾನು ಮೌನವಾಯಿತು. ಖರ್ಚು ಆ ಎಲೆಕ್ಟ್ರೀಶಿಯನರ ಅರ್ಧ ಗಂಟೆಯ ಕೂಲಿ ಮಾತ್ರ.

ಕಿಲುಬಿನಷ್ಟೇ ದುಷ್ಟವಾದ ಇನ್ನೊಂದು ಕಾರಣ ಇಲಿ. ಮಳೆಗಾಲದಲ್ಲಿ ಬೆಚ್ಚನೆಯ ಒಣ ಜಾಗವನ್ನು ಹುಡುಕಿಕೊಂಡು ಅದು ಬೋನೆಟ್ಟಿನೊಳಗೆ ಸೇರಿ ತಂತಿಗಳನ್ನು ಕಡಿಯುವುದು. ತೆಂಗಿನ ನಾರು, ಕಾಗದದ ಚೂರು, ಹಿಕ್ಕೆ ಕಂಡರೆ ತಂತಿಗಳನ್ನು ಮೊದಲು ನೋಡಿಸತಕ್ಕದ್ದು.

ನಿಜವಾದ ತಾಪ

ಇನ್ನುಳಿದುದು ಎಲ್ಲಕ್ಕಿಂತ ಗಂಭೀರವಾದುದು. ಇಲ್ಲಿ ಫ್ಯಾನು ನಿಲ್ಲದಿರುವುದು ರೋಗವಲ್ಲ. ರೋಗದೊಡನೆ ಅದು ಹೋರಾಡುತ್ತಿರುವುದರ ಲಕ್ಷಣ. ತಣ್ಣಗಿರುವಾಗ ಕೂಲೆಂಟಿನ ಡಬ್ಬಿಯಲ್ಲಿ ಎರಡು ಗೆರೆಗಳ ನಡುವೆ ದ್ರವವಿದೆಯೇ ಎಂದು ಮೊದಲು ನೋಡಬೇಕು. ಕಡಿಮೆಯಿದ್ದರೆ ಎಲ್ಲಿಯೋ ಸೋರುತ್ತಿದೆ. ತುಂಬಿಸಿದರೆ ಮಾತ್ರ ಸಾಲದು, ಸೋರಿಕೆಯನ್ನು ಹುಡುಕಬೇಕು. ರೇಡಿಯೇಟರಿನ ರೆಕ್ಕೆಗಳಲ್ಲಿ ಕೆಂಪು ಮಣ್ಣು, ಎಲೆ, ಹುಳು ತುಂಬಿದ್ದರೆ ಮೆಲ್ಲನೆ ನೀರು ಹಾಯಿಸಿ ತೊಳೆಯಬಹುದು. ಜೋರಾದ ನೀರಿನಿಂದ ರೆಕ್ಕೆಗಳು ಬಾಗಿ ಇನ್ನಷ್ಟು ಕೆಡುವುವು. ದ್ರವಕ್ಕೆ ದಾರಿ ಬಿಡುವ ಥರ್ಮೋಸ್ಟಾಟು ಸುಮಾರು 82ರಿಂದ 90 ಡಿಗ್ರಿಯಲ್ಲಿ ತೆರೆಯಬೇಕಾದುದು. ಅದು ಮುಚ್ಚಿಯೇ ಉಳಿದರೆ ಇಂಜಿನು ಕುದಿಯುವುದು, ರೇಡಿಯೇಟರು ತಣ್ಣಗಿರುವುದು. ಅದನ್ನು ಕಿತ್ತೆಸೆದು ‘ನಮ್ಮ ಊರಿಗೆ ಇದು ಬೇಡ’ ಎನ್ನುವವರ ಮಾತನ್ನು ಕೇಳಬಾರದು. ಕಿತ್ತ ಜಾಗದಲ್ಲಿ ಹೊಸದನ್ನೇ ಹಾಕಿಸಬೇಕು. ನೀರಿನ ಪಂಪು, ಇಂಜಿನಿನ ತಲೆಯ ಗ್ಯಾಸ್ಕೆಟ್ಟು ಇವೆಲ್ಲ ಅನಂತರದ ಶಂಕೆಗಳು.

ನಮ್ಮ ಕರಾವಳಿಯ ಬಾವಿಯ ನೀರು ಕುಡಿಯುವುದಕ್ಕೆ ಅಮೃತವಾದರೂ ರೇಡಿಯೇಟರಿಗೆ ಅಲ್ಲ. ಅದರ ಲವಣಗಳು ಒಳಗೆ ಹೊರೆಗಟ್ಟಿ ಕೊಳವೆಗಳನ್ನು ಮುಚ್ಚುವುವು. ಕೂಲೆಂಟನ್ನು ಶುದ್ಧೀಕರಿಸಿದ ನೀರಿನೊಡನೆ, ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲಿ ಬೆರೆಸಿಯೇ ಹಾಕಬೇಕು. ಅದರಲ್ಲಿರುವ ಎಥಿಲೀನ್ ಗ್ಲೈಕಾಲು ಸಿಹಿಯಾದ ವಿಷವೆಂಬುದನ್ನು ಗೃಹಿಣಿಯರು ವಿಶೇಷವಾಗಿ ನೆನಪಿನಲ್ಲಿಡಬೇಕು. ಮಿಕ್ಕುದನ್ನು ಶರಬತ್ತಿನ ಬಾಟಲಿಯಲ್ಲಿ ತುಂಬಿಸಿಡುವುದು ಮಹಾ ಅಪಾಯ. ಬಣ್ಣಕ್ಕೂ ಸಿಹಿಗೂ ಮಕ್ಕಳೂ ನಾಯಿ ಬೆಕ್ಕುಗಳೂ ಮರುಳಾಗುವುವು.

ಫ್ಯಾನಿನ ಬಾಯಿ ಮುಚ್ಚಿಸಿದವರ ಕಥೆಯನ್ನೂ ಹೇಳಬೇಕು. ನಮಗೆ ಪರಿಚಿತವಾದ ಒಂದು ಕುಟುಂಬದವರು ಬ್ಯಾಟರಿ ಉಳಿಯಲೆಂದು ಫ್ಯಾನಿನ ತಂತಿಯನ್ನು ಬಿಡಿಸಿಟ್ಟರು. ಪೇಟೆಯ ಅಲ್ಪ ದೂರದ ಓಡಾಟದಲ್ಲಿ ಏನೂ ಆಗಲಿಲ್ಲ. ತಂತಿ ಬಿಡಿಸಿದ ಸಂಗತಿಯೇ ಮರೆತುಹೋಯಿತು. ಕೆಲವು ವಾರಗಳ ಮೇಲೆ ಸಕಲೇಶಪುರದ ಕಡೆ ಮದುವೆಗೆಂದು ಐದು ಮಂದಿ ಹೊರಟರು. ಶಿರಾಡಿ ಘಾಟಿಯಲ್ಲಿ ಲಾರಿಗಳ ಸಾಲು ನಿಂತಿತು. ಎದುರುಗಾಳಿಯಿಲ್ಲ, ಫ್ಯಾನೂ ಇಲ್ಲ. ಹಬೆ ಎದ್ದಾಗ ಮಗನು ಗಾಬರಿಯಿಂದ ರೇಡಿಯೇಟರಿನ ಮುಚ್ಚಳವನ್ನು ತಿರುಗಿಸಿದನು. ಒತ್ತಡದಲ್ಲಿ ನೂರು ಡಿಗ್ರಿಯನ್ನು ಮೀರಿ ಕಾದಿದ್ದ ದ್ರವವು ಚಿಮ್ಮಿ ಮುಂಗೈಯೆಲ್ಲ ಬೆಂದಿತು. ಮುಹೂರ್ತ ತಪ್ಪಿತು, ಇಂಜಿನಿನ ತಲೆ ಬಾಗಿ, ಅದನ್ನು ಸರಿಪಡಿಸಲು ಹತ್ತಾರು ಸಾವಿರ ರೂಪಾಯಿ ಹೋಯಿತು. ಹುಡುಗನ ಕೈಯ ಕಲೆ ಇಂದಿಗೂ ಮಾಸಿಲ್ಲ.

ಆದುದರಿಂದ ತಾಪದ ಮುಳ್ಳು ಮೇಲೇರಿದರೆ ಅಥವಾ ಕೆಂಪು ದೀಪ ಉರಿದರೆ ಏಸಿಯನ್ನು ಆರಿಸಿ, ದಾರಿಯ ಬದಿಗೆ ಬಂದು, ಇಂಜಿನನ್ನು ನಿಲ್ಲಿಸಿ ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಕಾಯತಕ್ಕದ್ದು. ಇಂಜಿನು ಪೂರ್ತಿ ತಣಿಯುವವರೆಗೆ ಮುಚ್ಚಳವನ್ನು ಮುಟ್ಟಬಾರದು. ಕಾದ ಇಂಜಿನಿಗೆ ತಣ್ಣೀರು ಸುರಿಯಬಾರದು, ಲೋಹವು ಬಿರಿಯುವುದು.

ಗ್ಯಾರೇಜಿಗೆ ಹೋದಾಗ

ಇಷ್ಟನ್ನು ತಿಳಿದ ಮೇಲೆಯೂ ಮೆಕ್ಯಾನಿಕರ ಬಳಿಗೆ ಹೋಗಲೇಬೇಕಾಗುವುದು, ಹೋಗುವುದೇ ಉಚಿತ. ಆದರೆ ‘ಫ್ಯಾನು ನಿಲ್ಲುವುದಿಲ್ಲ’ ಎಂದಷ್ಟೇ ಹೇಳುವುದಕ್ಕೂ, ‘ಬೆಳಗ್ಗೆ ತಣ್ಣಗಿರುವಾಗಲೇ, ಏಸಿ ಹಾಕದೆಯೇ, ಕೀಲಿಕೈ ತಿರುಗಿಸಿದೊಡನೆ ತಿರುಗುತ್ತದೆ, ಕೂಲೆಂಟು ಸರಿಯಾಗಿದೆ, ರಿಲೇ ಬದಲಾಯಿಸಿ ನೋಡಿದ್ದೇವೆ’ ಎಂದು ಹೇಳುವುದಕ್ಕೂ ಅಜಗಜಾಂತರವುಂಟು. ಮೊದಲನೆಯ ಮಾತಿಗೆ ಊಹೆಯ ಉತ್ತರ ಬರುವುದು. ಎರಡನೆಯದಕ್ಕೆ ಪರೀಕ್ಷೆಯ ಉತ್ತರ. ಭಾಗವನ್ನು ಬದಲಾಯಿಸುವ ಮೊದಲು ಸ್ಕ್ಯಾನರಿನಲ್ಲಿ ತಾಪವೆಷ್ಟು ತೋರಿಸಿತೆಂದು ವಿನಯದಿಂದ ಕೇಳಿರಿ. ಬದಲಾಯಿಸಿದ ಹಳೆಯ ಭಾಗವನ್ನು ಮನೆಗೆ ತನ್ನಿರಿ. ಅಗ್ಗವಾದುದನ್ನು ಮೊದಲು, ದುಬಾರಿಯಾದುದನ್ನು ಕೊನೆಗೆ ಶಂಕಿಸುವ ಕ್ರಮವನ್ನು ಒಳ್ಳೆಯ ಮೆಕ್ಯಾನಿಕರು ತಾವಾಗಿಯೇ ಅನುಸರಿಸುವರು. ಗೃಹಸ್ಥನು ತಿಳಿದು ಕೇಳಿದರೆ ಅವರು ಸಂತೋಷವನ್ನೇ ಪಡುವರು.

ಮನೆಯಲ್ಲಿ ಮಗುವು ಅಳುತ್ತಿದ್ದರೆ ಬಾಯಿಗೆ ಬಟ್ಟೆ ತುರುಕುವ ತಾಯಿಯಿಲ್ಲ. ಹಸಿವೆಯೋ, ಜ್ವರವೋ, ಇರುವೆ ಕಚ್ಚಿತೋ ಎಂದು ಒಂದೊಂದಾಗಿ ನೋಡುವಳು. ನಿಲ್ಲದ ಬೀಸಣಿಗೆಯ ವಿಷಯದಲ್ಲಿಯೂ ಅಷ್ಟು ತಾಳ್ಮೆ ಸಾಕು. ಅದಕ್ಕಿಂತ ಹೆಚ್ಚಿನ ವಿದ್ಯೆ ಬೇಕಿಲ್ಲ.